ಮುಟ್ಟಬಹುದಾ?

ಫುಕುಶಿಮಾದ ಕಡೆಯಿಂದ ರಜೆಗೆಂದು ಬಂದ ಹುಡುಗ
ಹೊಕ್ಕೈಡೊದ ನಮ್ಮ ಅಂಗಳದಲ್ಲಿ ನಿಂತು
ಮೊದಲು ಕೇಳಿದ್ದು ನೀರಲ್ಲ, ಊಟವಲ್ಲ.
ಕಾಲ ಬಳಿಯ ಹುಲ್ಲಿನ ಗರಿಗೆ ಬೆರಳು ತೋರಿ,
'ಇದನ್ನ ಮುಟ್ಟಬಹುದಾ?'

ಏಳು ವರ್ಷ. ಹೆಸರು ಇಬುಕಿ. ಉಸಿರು ಅಂತ ಅರ್ಥ.
ಬಿಸಿಲಲ್ಲೂ ತುಂಬುತೋಳಿನ ಅಂಗಿ, ಮೂಗು ಮುಚ್ಚುವ ಮಾಸ್ಕು.
ತಾಯಿ ಒಂದು ಹಾಳೆ ಕಳಿಸಿದ್ದಳು, ದುಂಡು ಅಕ್ಷರ:
ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ, ದಯವಿಟ್ಟು ಗದರಬೇಡಿ.
ಗಾಳಿ ಬೀಸಿದರೆ ಉಸಿರು ಬಿಗಿಹಿಡಿಯುತ್ತಾನೆ.
ಸ್ಥಾವರ ಬಿರಿದಾಗ ನಾಲ್ಕು ತುಂಬಿತ್ತು.
ಮರಳಲ್ಲಿ ಆಡಿದ್ದಾನೆ, ಒಳಾಂಗಣದಲ್ಲಿ,
ತೊಳೆದ ಮರಳು, ಸರದಿಯ ಪ್ರಕಾರ ಅರ್ಧ ಗಂಟೆ.

ನಾನು ಹಸು ಸಾಕಿದವಳು.
ಮಕ್ಕಳ ಮನಸ್ಸಿನ ಶಾಸ್ತ್ರ ನನಗೆಲ್ಲಿ ಬರಬೇಕು?
ಬೆದರಿದ ಕರುವಿನ ಬೆನ್ನು ಹತ್ತಬಾರದು,
ಅದರ ಪಾಡಿಗೆ ಅದನ್ನು ಬಿಟ್ಟು
ಕಣ್ಣಳತೆಯಲ್ಲಿ ಏನಾದರೂ ಕೆಲಸ ಮಾಡುತ್ತಿರಬೇಕು.
ಗೊತ್ತಿದ್ದದ್ದು ಇಷ್ಟು.

ಆಲೂಗೆಡ್ಡೆ ಅಗೆದೆ. ಅವನು ಜಲ್ಲಿ ದಾರಿಯ ಮೇಲೇ ನಿಂತ.
ಬರ್ಚ್ ಮರದ ಸುಲಿದ ತೊಗಟೆ? ಮುಟ್ಟು.
ಬೇಲಿಯ ಮೇಲಿನ ಬಸವನಹುಳು? ಮುಟ್ಟು ಮಾರಾಯ.
ಮುಟ್ಟು, ಮುಟ್ಟು, ಮುಟ್ಟು.
ನಲವತ್ತರವರೆಗೆ ಎಣಿಸಿ ಲೆಕ್ಕ ತಪ್ಪಿದೆ.

ಮೂರನೆಯ ಬೆಳಗ್ಗೆ ಬಾಗಿಲಲ್ಲಿ ನಿಂತು ಕೇಳಿದ,
'ಇವತ್ತು ಎಷ್ಟು?'
ಥರ್ಮಾಮೀಟರು ನೋಡಿ ಹೇಳಿದೆ, 'ಹತ್ತೊಂಬತ್ತು.'
ಬಣ್ಣ ಇಳಿದುಹೋಯಿತು ಮುಖದಲ್ಲಿ.
ಒಳಗೋಡಿ ಕಿಟಕಿಗಳನ್ನೆಲ್ಲ ಎಳೆದು ಮುಚ್ಚಿದ,
ಒಂದಾದ ಮೇಲೊಂದು, ತಾಲೀಮು ಆದವನಂತೆ.

ಸಂಜೆ ಫೋನಿನಲ್ಲಿ ತಾಯಿ ಬಿಡಿಸಿ ಹೇಳಿದಳು:
ಅವನ ಶಾಲೆಯ ಗೇಟಿನಲ್ಲೊಂದು ಯಂತ್ರ,
ಕೆಂಪು ಅಂಕಿ ತೋರಿಸುತ್ತದೆ.
ಅದನ್ನು ನೋಡಿಯೇ ಮಕ್ಕಳು ಒಳಗೋ ಹೊರಗೋ.
'ಹತ್ತೊಂಬತ್ತು ಅಂದರೆ, ಅಜ್ಜಿ...' ಎಂದು ಅರ್ಧಕ್ಕೆ ನಿಲ್ಲಿಸಿದಳು.

ನನಗೆ ಎಪ್ಪತ್ತು. ಆ ರಾತ್ರಿ ದನದ ಕೊಟ್ಟಿಗೆಯಲ್ಲಿ
ಒಬ್ಬಳೇ ಕೂತು ನನ್ನನ್ನೇ ಬೈದುಕೊಂಡೆ.

ಮತ್ತೆ ಮಳೆ ಬಂತು. ಅವನು ಸೂರಿನಡಿಯಲ್ಲಿ ಗೋಡೆಗಂಟಿದ.
ನಾನು ತೊರೆಯ ಬದಿಗೆ ಹೋಗಿ ಫುಕಿ ಎಲೆ ಕಿತ್ತೆ,
ನಮ್ಮಲ್ಲದು ಆಳೆತ್ತರ ಬೆಳೆಯುತ್ತದೆ, ಎಲೆ ಮೊರದಗಲ.
ತಲೆ ಮೇಲೆ ಹಿಡಿದು ಅತ್ತ ಇತ್ತ ನಡೆದೆ, ಹುಚ್ಚಿಯ ಹಾಗೆ.
ಎಲೆಯ ಮೇಲೆ ತಟಪಟ, ಒಳಗೆ ಹಸಿರು ಬೆಳಕು.
ಬಾ ಅನ್ನಲಿಲ್ಲ.
ಬಂದ. ಎಲೆಯ ನೆರಳಿಗೆ ಮೊದಲು ತಲೆ ಮಾತ್ರ.

ಒಂಬತ್ತನೆಯ ದಿನ ಗುದ್ದಲಿಯ ಬಾಯಿಗೆ ಎರೆಹುಳು ಎದ್ದಿತು.
ಕುಕ್ಕರಗಾಲಲ್ಲಿ ಕೂತು, ನನ್ನನ್ನು ಕೇಳದೆ,
ಹೌದು, ಕೇಳದೆ, ಅಂಗೈಗೆ ಎತ್ತಿಕೊಂಡ.
'ಇದಕ್ಕೆ ಕಣ್ಣಿಲ್ಲ' ಅಂದ.
'ಇಲ್ಲ.'
'ಏನೂ ಕಾಣಿಸಲ್ಲ ಇದಕ್ಕೂ.'
ಇದಕ್ಕೂ. ಆ ಮಾತಿಗೆ ನನ್ನ ಗುದ್ದಲಿ ನಿಂತಿತು.
'ಆದರೂ ಹೋಗ್ತಾ ಇದೆ ನೋಡಿ' ಅಂದ.

ಪವಾಡ ಗಿವಾಡ ಏನಿಲ್ಲ. ಆ ರಾತ್ರಿಯೂ ಹಾಸಿಗೆ ಒದ್ದೆ.
ಬೆಳಗ್ಗೆ ತಾನೇ ಹೊದಿಕೆ ಎಳೆದುಕೊಂಡು ಹಗ್ಗದ ಬಳಿ ನಡೆದ.
ಗಾಳಿ ಎದ್ದು ಬಟ್ಟೆ ಹಾಯಿಯಂತೆ ಉಬ್ಬಿತು,
ಅವನು ಅದರ ಹೊಟ್ಟೆಯೊಳಗೆ ನುಗ್ಗಿ, ಹೊರಬಂದು, ಮತ್ತೆ ನುಗ್ಗಿ,
ಬಾಯಿ ತೆರೆದು ನಗುತ್ತಿದ್ದ. ಗಾಳಿ ಎದುರಿಗೇ ಇತ್ತು.
ಮಾಸ್ಕು ಆಮೇಲೆ ಕೊಟ್ಟಿಗೆಯಲ್ಲಿ ಸಿಕ್ಕಿತು,
ಕರು ಅರ್ಧ ಜಗಿದಿತ್ತು.

ಹೊರಡುವ ದಿನ ಸ್ಟೇಷನ್ನಿನಲ್ಲಿ ಕೇಳಿದ,
'ಅಲ್ಲೂ ಮುಟ್ಟಬಹುದಾ?'
ಅಂಕಿ ಇಳಿದಿದೆಯಂತೆ, ಹಾಗೆಂದು ಹೇಳುತ್ತಾರೆ.
ಅಂಕಿ ಇಳಿದರೆ ತಾಯಿಯ ಕೈ ಬಿಗಿ ಬಿಡುತ್ತದೆಯೇ?
ನನಗೆ ಉತ್ತರ ತೋಚಲಿಲ್ಲ. ಅವನ ಕೊರಳಪಟ್ಟಿ ಸರಿಮಾಡಿದೆ.

ಉಗುರಿನ ಸಂದಿಯಲ್ಲಿ ನಮ್ಮ ಹೊಲವಿತ್ತು.
ತೊಳೆದು ಕಳಿಸಬೇಕಿತ್ತೇನೋ. ತೊಳೆಯಲಿಲ್ಲ.
ರೈಲು ಸರಿದಾಗ ಗಾಜಿಗೆ ಅಂಗೈ ಒತ್ತಿದ್ದ,
ಕೈ ತೆಗೆದ ಮೇಲೂ ಉಳಿದವು ಐದು ಮಣ್ಣಿನ ಬೊಟ್ಟು.
ಒರೆಸುವವರು ಒರೆಸಲಿ,
ಸಪ್ಪೊರೊ ದಾಟಿದ ಮೇಲೆ.