ಕಚ್ಚಾ ಹೊಲಿಗೆ

ಕ್ಲಾಮ್ಸಿ, ಯೋನ್ ನದಿಯ ದಡ, ೧೮೮೦ರ ಜುಲೈ

ಪುರಭವನದಿಂದ ಹೇಳಿಕಳಿಸಿದ್ದಾರೆ:
ಹದಿನಾಲ್ಕನೇ ತಾರೀಖಿಗೆ ಬಾವುಟ ಬೇಕು, ಸಿದೋನಿ,
ನೀಲಿ ಬಿಳಿ ಕೆಂಪು, ಎರಡಾಳುದ್ದ.
ಬೇಕಂತೆ! ನನಗೆ ಎಪ್ಪತ್ತೆಂಟು.
ಸೂಜಿಗೆ ದಾರ ಪೋಣಿಸಲು ಮರಿಮಗಳು ಜೆಲಿ ಬೇಕು.

ಅಮ್ಮ ಹೇಳಿಕೊಟ್ಟಿದ್ದು:
ಮದುವೆಯ ಬಟ್ಟೆಗೆ ಒತ್ತು ಹೊಲಿಗೆ,
ಹೆಣದ ಬಟ್ಟೆಗೆ ಗಂಟಿಲ್ಲದ ಹೊಲಿಗೆ,
ಸರ್ಕಾರದ ಬಟ್ಟೆಗೆ ಕಚ್ಚಾ ಹೊಲಿಗೆ ಸಾಕು, ಮಗಳೇ,
ನಾಳೆ ಬಿಚ್ಚುವವರೂ ನಾವೇ.

ನನಗೆ ಹದಿಮೂರು. ಚಕ್ರವರ್ತಿ ಸೋತ ಬೇಸಿಗೆ.
ದೊರೆ ಮರಳಿ ಬಂದ, ಪರದೇಶದ ಕುದುರೆಗಳ ಹಿಂದೆ.
ಅಮ್ಮ ನೀಲಿ ಬಿಚ್ಚಿದಳು, ಕೆಂಪು ಬಿಚ್ಚಿದಳು,
ಉಳಿದ ಬಿಳಿ ಒಂದು ಮೊಳ, ರಾಜನಿಗೆ ಸಾಲದು.
ನಮ್ಮ ಹಾಸಿಗೆಯ ಹೊದಿಕೆ ಸೇರಿಸಿ ಹೊಲಿದಳು.
ಹದಿನೈದು ವರ್ಷ ಗೋಪುರದ ಮೇಲೆ
ನಾನು ಹುಟ್ಟಿದ ಬಟ್ಟೆ ಹಾರಾಡಿತು;
ಜನ ಟೋಪಿ ತೆಗೆದು ನಮಿಸುತ್ತಿದ್ದರು.
ನೀಲಿ, ಕೆಂಪು ದಿಂಬಿನೊಳಗೆ.
ಅವುಗಳ ಮೇಲೆ ತಲೆಯಿಟ್ಟೇ ನಾನು ದೊಡ್ಡವಳಾದೆ.

ಮೂವತ್ತರಲ್ಲಿ ಮತ್ತೆ ಹೊರಗೆ ತೆಗೆದೆವು.
ಈಗಲೂ ರಾಜನೇ; ಬೆಳ್ಗೊಡೆಯಿಲ್ಲದೆ
ಕರಿ ಕೊಡೆ ಹಿಡಿದು ನಡೆವ ರಾಜ.

ನಲವತ್ತೆಂಟು. ಗಣರಾಜ್ಯ ಎಂದರು.
ಚೌಕದಲ್ಲಿ ಪಾಪ್ಲರ್ ಸಸಿ ನೆಟ್ಟರು, ಪಾದ್ರಿ ತೀರ್ಥ ಚಿಮುಕಿಸಿದ.
ನನ್ನ ಫಿಲಿಬೇರ್, ಪ್ಯಾರಿಸಿನ ಒಲೆಗಳಿಗೆ
ಹೊಳೆಯಲ್ಲಿ ಸೌದೆ ತೇಲಿಬಿಡುವ ಆಳು,
ಮೊಣಕಾಲವರೆಗೆ ಒದ್ದೆಯಾಗಿಯೇ ಹೋಗಿ ಓಟು ಹಾಕಿ ಬಂದ.
ಹೇಗಿತ್ತು, ಅಂದೆ.
ಚೀಟಿ ಹಗುರ, ಅಂದ.
ನನಗೆ ಚೀಟಿ ಕೊಡಲಿಲ್ಲ.
ಬಾವುಟದ ಅಂಚು ಕಿತ್ತುಹೋಗಿತ್ತು, ಅದನ್ನು ಕೊಟ್ಟರು.

ಮೂರು ವರ್ಷ ತುಂಬಿ ಡಿಸೆಂಬರ್.
ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ
ಅಧ್ಯಕ್ಷನೇ ಗಣರಾಜ್ಯವನ್ನು ಮೇಯ್ದ.
ಫಿಲಿಬೇರ್ ಸೌದೆಯ ಕೊಕ್ಕೆ ಹಿಡಿದು ಹೊರಟ.
ಸಿಪಾಯಿಗಳು ಕಾಡೆಲ್ಲ ಸೋಸಿ ಹಿಡಿದರು,
ಆಲ್ಜೀರಿಯಾದ ಹಡಗು ಹತ್ತಿಸಿದರು.
ಅಂದು ಗೋಪುರದ ಮೇಲೆ ಯಾವ ಬಾವುಟ?
ಅದೇ ನೀಲಿ. ಅದೇ ಬಿಳಿ. ಅದೇ ಕೆಂಪು.
ಒಂದು ಎಳೆಯನ್ನೂ ಬಿಚ್ಚಬೇಕಾಗಲಿಲ್ಲ.
ಅಲ್ಲಿಂದ ಬಣ್ಣ ನಂಬುವುದನ್ನು ಬಿಟ್ಟೆ.

ಆ ಚಕ್ರವರ್ತಿಯೂ ಸೋತ, ಅವನ ಸರದಿ ಬಂದಾಗ.
ಆಮೇಲೆ, ನೆನೆದರೆ ಈಗಲೂ ನಗು,
ಸಿಂಹಾಸನ ಒರೆಸಿಟ್ಟು ಕರೆದರೆ
ಹಳೆಯ ಮನೆತನದವನು ಬರಲೊಲ್ಲೆ ಎಂದ:
ಬಿಳಿ ಬಾವುಟವಾದರೆ ಮಾತ್ರ.
ಅಯ್ಯಾ ದೊರೆ, ನನ್ನನ್ನು ಕೇಳಿದ್ದರೆ
ಒಂದು ರಾತ್ರಿಯ ಕೆಲಸ; ಹೊದಿಕೆಯಿತ್ತು ಮನೆಯಲ್ಲಿ.
ಯಾರೂ ಕೇಳಲಿಲ್ಲ, ಪುಣ್ಯ.

ಈ ಸಲದ ಗಣರಾಜ್ಯಕ್ಕೆ ಯಾರೂ ಡೋಲು ಬಡಿಯಲಿಲ್ಲ.
ಒಂದೇ ಒಂದು ಓಟಿನಿಂದ ಗೆದ್ದಿತಂತೆ.
ಚೀಟಿ ಹಗುರ ಅಂದಿದ್ದನಲ್ಲ.

ಇವತ್ತು ಕಿಟಕಿಯ ಬಳಿ ಕೂತು ನೀಲಿಗೆ ಬಿಳಿ ಜೋಡಿಸಿದೆ.
ಕೈ ತಾನಾಗಿ ಕಚ್ಚಾ ಹಾಕಿಕೊಂಡು ಹೋಗಿತ್ತು.
ನೋಡಿದೆ. ಬಿಚ್ಚಿದೆ.
ಒತ್ತು ಹೊಲಿಗೆ ಹಾಕಿದೆ.
ನಂಬಿಕೆ ಬಂತೆಂದಲ್ಲ.
ಇನ್ನೊಮ್ಮೆ ಬಿಚ್ಚಲು ಈ ಕಣ್ಣು ಇರುವುದಿಲ್ಲ,
ಜೆಲಿಗೆ ಬಿಚ್ಚುವುದನ್ನು ನಾನು ಕಲಿಸಿಲ್ಲ.

ದಾರದ ದುಡ್ಡು? ಹಬ್ಬ ಮುಗಿಯಲಿ ಅಂದಿದ್ದಾರೆ.
ಅಮ್ಮನಿಗೂ ಹಾಗೇ ಅಂದಿದ್ದರು.