ಬಲಗಾಲು ಆರು, ಎಡಗಾಲು ಆರೂವರಿ

ಸಂಜಿ ಹೊತ್ತಿಗಿ ಬಾ ಅಂದಿದ್ದ ಗೈಬುಸಾಬ.
ಮುಂಜಾನಿ ಕಾಲು ಸುಳ್ಳು ಹೇಳ್ತಾವ,
ದಿನಾ ಪೂರಾ ನಿಂತು ನಡದು ಬಾತ ಮ್ಯಾಲೇ
ಖರೆ ಅಳತಿ ಕೊಡ್ತಾವ ಅಂತ.

ಅದಕ್ಕೇ ನಾಲ್ಕರ ಪ್ಯಾಸೆಂಜರ್‌ಗೆ ಬಂದೆ ಶಹಾಬಾದದಿಂದ,
ಹಲ್ಲುಪುಡಿ ಡಬ್ಬಿಯೊಳಗ ಕೂಡಿಟ್ಟ ರೊಕ್ಕ
ಕರವಸ್ತ್ರದಾಗ ಗಂಟು ಹಾಕಿ.
ಇಪ್ಪತ್ತನೇ ತಾರೀಖಿಗೆ ಕಲಬುರಗಿಯೊಳಗ ಮ್ಯಾಚು,
ಕಟ್ಟಿಗಿ ಹಾಸಿದ ಕೋರ್ಟು, ಮ್ಯಾಲ ಛಾವಣಿ,
ನೋಟೀಸಿನ ಕೊನೀ ಸಾಲು:
ನೆಲದ ಮೇಲೆ ಕಲೆ ಬೀಳದಂಥ ಬೂಟು ಕಡ್ಡಾಯ.

ನಾವೇನು ಬೂಟು ಕಂಡವ್ರಾ?
ಖಣಿ ಹಿಂದಿನ ಬಯಲಿನ್ಯಾಗ ಮುರುಮ ಹಾಕಿ
ಎರಡು ಬಿದಿರಿಗಿ ನೆಟ್ ಕಟ್ಟಿ
ಬರಿಗಾಲಿಲೇ ಹಾರೀವಿ ಆರು ವರ್ಷ.
ಕಲ್ಲಿನ ಚಕ್ಕಿ ಚುಚ್ಚಿದಾಗ
ಅರಿಷಿಣ ಮೆತ್ತಿ, ಮತ್ತ ಸರ್ವೀಸ್.
ಎಡಗಾಲು ಹಂಗೇ ಅಗಲ ಆತು,
ಹೊಡದು ಇಳಿಯೋದು ಯಾವಾಗ್ಲೂ ಅದರ ಮ್ಯಾಲೇ.

ನೋಟೀಸು ಓದಿ ಜಗದೇವಿ ತಂದಿದ್ದಳು
ಅವರಣ್ಣನ ಕ್ರಿಕೆಟ್ ಬೂಟು, ಅಡಿಗಿ ಮೊಳಿ ಇದ್ದದ್ದು.
ಕೋಚ್ ಸಿದ್ರಾಮ ಸರ್ ಹಣಿ ಬಡ್ಕೊಂಡ್ರು:
"ಕೋರ್ಟಿಗಿ ಉಳುಮಿ ಮಾಡಾಕ ಹೊಂಟೀಯೇನವಾ?"

ಅಂಗಡ್ಯಾಗ ಮೊದಲ ಕಣ್ಣಿಗಿ ಬಿದ್ದದ್ದು ಕಿತ್ತಳಿ ಬಣ್ಣದ್ದು.
ದಪ್ಪ ಅಡಿ, ಗಾಳಿ ತುಂಬಿದಂಗ ಹಗುರ,
ಬದಿಗಿ ಮಿಂಚಿನ ಗೆರಿ.
ಹಾಕ್ಕೊಂಡೆ. ಕನ್ನಡಿ ಸುದ್ದಾ ನಕ್ಕಿತು.

"ಹಾರು" ಅಂದ ಗೈಬುಸಾಬ.
ಇಲ್ಲೇನು?
"ಮತ್ತ? ಕುಂತು ನೋಡೋ ಬೂಟೇನವಾ ಇದು?"

ಗಿರಾಕಿ ಮಂದಿ ಸರದ್ರು,
ಒಬ್ಬಾಕಿ ತನ್ನ ಕೂಸಿನ್ನ ಎತ್ಕೊಂಡ್ಳು.
ಎರಡು ಹೆಜ್ಜಿ ಓಡಿ, ಕೈ ಬೀಸಿ
ಇಲ್ಲದ ಚೆಂಡು ಹೊಡದೆ.
ಇಳಿದಾಗ ಹರಡು ಹೊರಗ ಹೊಳ್ಳಿತು, ಕೂದಲೆಳಿ ಅಷ್ಟೇ.
ಸಾಬ ಬಗ್ಗಿ ಬೂಟು ಹಿಡ್ಕೊಂಡ:
"ಇದು ಸೀದಾ ಓಡೋರ್ದು. ನೀವು
ಬಲಕ್ಕ ಹೋಗ್ತೀರಿ, ಎಡಕ್ಕ ಹೋಗ್ತೀರಿ, ಹಿಂದಕ್ಕೂ ಬರ್ತೀರಿ.
ಇಷ್ಟು ಎತ್ತರದ ಅಡಿ ಹರಡು ಮುರೀತದ.
ಛಂದ ಬ್ಯಾರೆ, ಪಾಯಾ ಬ್ಯಾರೆ."

ಒಳಗಿನ ಮಾಡದಿಂದ ತಂದ ಬಿಳೇ ಜೋಡಿ,
ಬೆಲ್ಲದ ಬಣ್ಣದ ರಬ್ಬರ್ ಅಡಿ,
ನೋಡಿದ್ರ ದವಾಖಾನಿ ನರ್ಸಮ್ಮಂದು ಇದ್ದಂಗ.
ಆರು ಹಾಕಿದ್ರ ಎಡಗಾಲು ಒಲ್ಲೆ ಅಂತದ,
ಆರೂವರಿ ಹಾಕಿದ್ರ ಬಲಗಾಲು ಈಜ್ತದ.
ಎರಡೂ ನನ್ನವೇ. ಯಾವದರ ಮಾತು ಕೇಳ್ಲಿ?

"ದೊಡ್ಡದರದ್ದು ಕೇಳು. ಸಣ್ಣದಕ್ಕ ದಪ್ಪ ಸಾಕ್ಸ್ ಹಾಕು.
ಹೆಬ್ಬೆರಳ ಮುಂದ ಜರಾ ಜಾಗ ಇರ್ಲಿ,
ಇಲ್ಲಂದ್ರ ಉಗುರು ಕಪ್ಪಾಗ್ತಾವ."

ಮತ್ತ ಹಾರಿದೆ.
ಚಿಂಯ್ ಅಂತು.
ಅಂಗಡಿ ನೆಲ ನಮ್ಮೂರ ಫರಸಿ,
ಪಾಲಿಶ್ ಹೊಡದದ್ದು. ಅದರ ಗುಣ ನನಗ ಗೊತ್ತದ.
ಅಂಬೆಗಾಲಿನಿಂದ ಅದರ ಮ್ಯಾಲೇ ಬಿದ್ದೀನಿ,
ಒಂದ್ಸಲನೂ ತಗ್ಗಿಲ್ಲ ಅದು ನನ್ನ ಸಲುವಾಗಿ.
ಇವತ್ತ
ನಡುವ ಯಾರೋ ಅಂಗೈ ಇಟ್ಟಂಗಾತು.

ಹಾಕ್ಕೊಂಡು ಬರಲಿಲ್ಲ.
ಕೋರ್ಟಿನ ಬೂಟು ಧೂಳಿಗಿ ಇಳೀಬಾರದಂತ.
ಎದಿಗಿ ಡಬ್ಬಿ ಒತ್ಕೊಂಡು, ಹರಕ ಚಪ್ಪಲಿ ಎಳಕೋತ
ಒಂಬತ್ತಕ್ಕ ಮನಿ ಮುಟ್ಟಿದೆ.

ಎಷ್ಟು ಅಂದಳು ಅವ್ವ.
ನಾಲ್ಕು ನೂರು ಕಮ್ತಿ ಮಾಡಿ ಹೇಳ್ದೆ.
ಅಕಿ ಏನೂ ಅನ್ಲಿಲ್ಲ. ಖಣಿಯಾಗ ಹದಿನೆಂಟು ವರ್ಷ
ಫರಸಿ ಎತ್ತಿಟ್ಟ ಕೈಲೆ ಒಂದು ಬೂಟು ಎತ್ತಿ
ಅಡಿಗಿ ಬೆರಳ ಗೆಣ್ಣಿಲೆ ಬಡದು, ಕಿವಿ ಹತ್ರ ತಂದಳು.
ಒಳಗ ಸೀಳಿದ್ದ ಕಲ್ಲು ಬ್ಯಾರೆ ದನಿ ಕೊಡ್ತದಲ್ಲ,
ಹಂಗೇನರ ಅದನೋ ಅಂತ.

"ದನೀನೇ ಇಲ್ಲಲ್ಲೇ ಇದಕ್ಕ."
ಹಾರಿದ್ರ ಬರ್ತದವ್ವಾ ಅಂದೆ.

ಮಲಗಿದ್ದ ತಮ್ಮನ್ನ ಹಾಸಿಗಿ ಸಮೇತ
ಗ್ವಾಡಿ ಕಡಿ ಎಳದು
ಜಾಗ ಮಾಡಿದಳು.