ಪೂರ್ತಿ ಹೆಸರು

ರೆಡ್‌ರೂತಿನ ನಮ್ಮ ಬ್ಯಾಂಕು ನಾಲ್ಕು ದಿನ ಬಾಗಿಲು ಹಾಕಿತ್ತು.
ಎಪ್ಪತ್ತೊಂದರ ಫೆಬ್ರವರಿ. ಸೋಮವಾರದಿಂದ ಹೊಸ ಲೆಕ್ಕ,
ಪೌಂಡಿಗೆ ಇನ್ನೂರ ನಲವತ್ತಲ್ಲ, ನೂರೇ ಪೆನ್ನಿ.
ಹೊರಗೆ ಇಳಿಜಾರು ಬೀದಿ, ಜಿನುಗು.
ಒಳಗೆ ಲೆಡ್ಜರು ಬಿಚ್ಚಿಕೊಂಡು ಹತ್ತೊಂಬತ್ತರ ನಾನು
ಮತ್ತು ಆರು ವಾರದಲ್ಲಿ ನಿವೃತ್ತರಾಗಲಿದ್ದ ಹೆಡ್ಲಿ ಟ್ರೆವೀನ.

ಅವರ ಮೇಜಿನ ಮೇಲೊಂದು ಹಿತ್ತಾಳೆ ಚೊಂಬು.
ಕೋಲಾರದ ಚಿನ್ನದ ಗಣಿಯಲ್ಲಿ ಹನ್ನೊಂದು ವರ್ಷ ದುಡಿದು
ಅಪ್ಪ ತಂದದ್ದು ಎರಡೇ: ಆ ಚೊಂಬು, ಒಂದು ಕೆಮ್ಮು.
ಕೆಮ್ಮು ಅಪ್ಪನ ಜೊತೆಗೇ ಹೋಯಿತು.
ಚೊಂಬಿನ ನೀರಿಗೆ ಬೆರಳದ್ದಿ ಮಗ ನೋಟೆಣಿಸುವರು,
ಎಡಗೈಯಲ್ಲಿ. ಬಲ ಹೆಬ್ಬೆರಳ ತುದಿ ಇಟಲಿಯಲ್ಲಿ.
‘ಅಲ್ಲೇ ಠೇವಣಿ’ ಎನ್ನುವರು, ನಗದೆ.
ಬಡ್ಡಿ ಬರ್ತದಾ ಎಂದು ಕೇಳಿದ್ದೆ ಒಮ್ಮೆ.
‘ಚಳಿಗಾಲಕ್ಕೊಮ್ಮೆ.’

ಆ ಶುಕ್ರವಾರ, ‘ನ’ ಅಕ್ಷರದ ಖಾತೆಗಳಿಗೆ ಬಂದಾಗ
ಕೇಳದೆಯೇ ಹೇಳತೊಡಗಿದರು.

‘ನಮ್ಮ ತುಕಡಿಯಲ್ಲಿ ಅಕ್ಷರ ದುಂಡಗಿದ್ದವನು ನಾನೊಬ್ಬ.
ಪೇ-ಬುಕ್ಕಿನ ಹಿಂದೆ ಉಯಿಲಿಗೊಂದು ಹಾಳೆ.
ಹೊಳೆ ದಾಟುವ ಹಿಂದಿನ ಸಂಜೆ ಸಾಲು ನಿಂತರು
ಇಲ್ಲಿ ಸಂಬಳದ ದಿನ ನಿಲ್ಲುವ ಹಾಗೇ.
ಮದ್ದಿನ ಪೆಟ್ಟಿಗೆಯೇ ನನ್ನ ಮೇಜು.
ಡೆನ್ಜಿಲ್ ಓಪಿ, ಇಪ್ಪತ್ತು, ಹಾಲಿನ ಗಾಡಿಯವನು,
“ಅರ್ಧ ಅಮ್ಮನಿಗೆ, ಅರ್ಧ ಮೊರ್ವೆನ್ನಳಿಗೆ” ಅಂದ.
ಯಾವ ಮೊರ್ವೆನ್ನ?
“ಹೇಲ್ ಊರಿನ ಬೇಕರಿಯವಳು, ಕೇಸರಿ ಬನ್ನು ಮಾಡ್ತಾಳೆ.
ಎಡ ಮಣಿಕಟ್ಟಿನಲ್ಲಿ ಸುಟ್ಟ ಕಲೆ, ಬಿದಿಗೆ ಚಂದ್ರನಷ್ಟು.”
ಮನೆತನದ ಹೆಸರು?
“ಕೇಳಲಿಲ್ಲ. ಎರಡೇ ಶನಿವಾರ ಸಿಕ್ಕಿದ್ದು.”
ನಾನು...’
ಇಲ್ಲಿ ಪೆನ್ನು ಕೆಳಗಿಟ್ಟರು.
‘ಪೂರ್ತಿ ಹೆಸರಿಲ್ಲದೆ ಯಾವ ಬ್ಯಾಂಕೂ ಒಪ್ಪೋದಿಲ್ಲ ಅಂದೆ.
ಅಲ್ಲಿ. ಆ ಹೊಳೆಯ ದಂಡೆಯಲ್ಲಿ.
“ಹಾಗಾದ್ರೆ ಎಲ್ಲಾ ಅಮ್ಮಂಗೇ ಬರ್ಕೊಳ್ಳಿ.”
ಸಹಿ ಹಾಕುವಾಗ ನಾಲಿಗೆ ಚಾಚಿದ್ದ, ಶಾಲೆ ಹುಡುಗನ ಹಾಗೆ.’

ಹೊಳೆಯನ್ನು ಹೇಗೆ ದಾಟಿದರೋ, ಅದನ್ನು ಹೇಳಲಿಲ್ಲ.
ನಲವತ್ತೈದರ ಚಳಿಗೆ ಇದೇ ಕೌಂಟರಿನಾಚೆ
ಓಪಿಯ ತಾಯಿ ನಿಂತು ಕಾಗದ ತಳ್ಳಿದಳಂತೆ,
ಅದರಲ್ಲಿ ಇವರದೇ ಕೈಬರಹ.
ಇಪ್ಪತ್ತಮೂರು ಪೌಂಡು, ನಾಲ್ಕು ಶಿಲಿಂಗು.
ಎರಡು ಸಲ ಎಣಿಸಿ, ಸರಿಯಿದೆ ಅಂದಳಂತೆ.

ಮುಂದಿನದು ನನಗೂ ಗೊತ್ತಿತ್ತು, ಗೊತ್ತಿದ್ದದ್ದು ಗೊತ್ತಿರಲಿಲ್ಲ.
ಪ್ರತಿ ಶುಕ್ರವಾರ ಬರುವ ಕುಮಾರಿ ನ್ಯಾನ್‌ಕ್ಯಾರೋ,
ಪಾಸ್‌ಬುಕ್ಕಿನ ಮಡಿಕೆಯಲ್ಲಿ ಮೈದಾಹಿಟ್ಟು, ಐದು ಶಿಲಿಂಗು.
ನನ್ನ ಸಾಲಿಗೆ ಬಂದರೆ ಟ್ರೆವೀನ ಕೆಮ್ಮಿ ಕರೆಯುವರು.
ಚೀಟಿಯ ಮೇಲೆ ಎಂ. ಎಂದರೆ ಸಾಕು, ಅದೇ ಪದ್ಧತಿ;
ಮ್ಯಾನೇಜರು ಎರಡು ಬಾರಿ ಗದರಿಸಿಯೂ ಇದ್ದರು.
ಹೂಂ ಎಂದು ತಲೆಯಾಡಿಸಿ, ಹೆಬ್ಬೆರಳಿಲ್ಲದ ಬಲಗೈಯಲ್ಲಿ
ಪೂರ್ತಿ ಬರೆಯುವರು, ಕೊನೆಯ ಕೊಂಬನ್ನೂ ಬಿಡದೆ:
ಮೊರ್ವೆನ್ನ ನ್ಯಾನ್‌ಕ್ಯಾರೋ.

‘ಅವಳೇನಾ?’
‘ಬೇಕರಿಯವರಿಗೆಲ್ಲ ಕೈ ಸುಟ್ಟಿರುತ್ತೆ.
ಮೊರ್ವೆನ್ನಂದಿರು ಈ ಸೀಮೆಯಲ್ಲಿ ಓಣಿಗೊಬ್ಬರು.’
‘ಕೇಳಬಹುದಿತ್ತಲ್ಲ.’
‘ಹೌದು ಅಂದುಬಿಟ್ಟರೆ
ಬರೆಯಲಾಗದು ಅಂದವನು ಯಾರು ಅಂತ ಹೇಳಬೇಕಾಗುತ್ತೆ.’

ಆ ಖಾತೆಯ ಶಿಲ್ಕಿನ ಬಾಲದಲ್ಲಿ ಮೂರು ಹಳೆ ಪೆನ್ನಿ.
ಕೋಷ್ಟಕದ ಪ್ರಕಾರ ಒಂದು ಹೊಸದು.
ಅರ್ಧ ಪೆನ್ನಿಯ ಮೇಲಿಷ್ಟು ಎಲ್ಲಿಯೋ ಸೋರಿತು.
ಹೊಸ ಅಂಕಿ ಬರೆದು, ಒತ್ತುಕಾಗದವೊತ್ತಿ,
ಜೇಬಿನಿಂದೊಂದು ಕಪ್ಪಿಟ್ಟ ಪೆನ್ನಿ ತೆಗೆದು
ನನ್ನ ಡ್ರಾಯರಿಗೆ ಹಾಕಿದರು. ಯಾವ ಖಾತೆಗೂ ಹಿಡಿಯಲಿಲ್ಲ.
ಕೋಟು ತೊಟ್ಟರು. ಬಸ್ಸಿಗೆ ಹೊತ್ತಾಗಿತ್ತು.

ಸೋಮವಾರ ಸಂಜೆ ನನ್ನ ಲೆಕ್ಕ ಕೂಡಲಿಲ್ಲ.
ಒಂದು ಪೆನ್ನಿ ಜಾಸ್ತಿ. ಎಲ್ಲಿಂದ ಬಂತು ಎಂದರು ಮ್ಯಾನೇಜರು.
ಪಕ್ಕದಲ್ಲಿ ಟ್ರೆವೀನ ತಲೆಯೆತ್ತಲಿಲ್ಲ.
ಚೊಂಬಿನ ನೀರಿಗೆ ಬೆರಳದ್ದಿ
ನಾನು ಇನ್ನೊಮ್ಮೆ ಎಣಿಸತೊಡಗಿದೆ.